ಹದಿನೇಳು ಕಿಲೋದ ಚೀಲ

ಬಟಾಟೆ ತೂಗುವ ತಕ್ಕಡಿಯಲ್ಲಿ ಕಾರಿನ ಬ್ರೇಕು ತೂಗಿದವನು ಮುಂಬಯಿ ಪಕ್ಕದ ಇಡೀ ನೆರೂಳಿನಲ್ಲಿ ರಂಜನ್ ಒಬ್ಬನೇ ಇರಬೇಕು. ಸ್ಟೇಷನ್ನಿನ ಹತ್ತಿರದ ಅವನ ಅಪ್ಪ ತಾರಾನಾಥರ ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗಲಾಟೆ ಮುಗಿದಿತ್ತು, ಸಂಜೆಯ ತಿಂಡಿಗೆ ಇನ್ನೂ ಹೊತ್ತಿತ್ತು. ಅಂಥ ಹೊತ್ತು ನೋಡಿಕೊಂಡೇ ಅವನು ಹಿಂಬಾಗಿಲಿನಿಂದ ಅಡುಗೆಕೋಣೆಗೆ ಬಂದ. ಒಂದು ಚಕ್ರದ ಹಳೆಯ ಡಿಸ್ಕನ್ನೂ ಅದನ್ನು ಕಚ್ಚಿ ಹಿಡಿಯುವ ಕ್ಯಾಲಿಪರನ್ನೂ ತಕ್ಕಡಿಯ ಮೇಲಿಟ್ಟ. ಎಂಟು ಕಿಲೋ ಏಳುನೂರು ಗ್ರಾಮು. ಆಮೇಲೆ ಹೊಸ ಡಬ್ಬಿ ಬಿಚ್ಚಿ, ತೂತು ಕೊರೆದು ಜರಡಿಯ ಹಾಗೆ ಮಾಡಿದ್ದ ತೆಳ್ಳಗಿನ ಪುಟ್ಟ ಡಿಸ್ಕನ್ನೂ ಅಲ್ಯುಮಿನಿಯಂ ಕ್ಯಾಲಿಪರನ್ನೂ ಇಟ್ಟ. ಮೂರು ಕಿಲೋ ಒಂಬೈನೂರು. ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದಾಗಲೂ ಅವನ ಮುಖ ಅಷ್ಟು ಅರಳಿರಲಿಲ್ಲ.

ಕಾಯಿ ತುರಿಯುತ್ತಿದ್ದ ಅವನ ಅಮ್ಮ ಜಯಲತಾ ಕತ್ತು ತಿರುಗಿಸಿ ನೋಡಿದಳು.

"ಅದು ತಿನ್ನುವ ವಸ್ತು ಇಡುವ ಜಾಗ ಮಾರಾಯ. ಅಡಿಗೆ ಒಂದು ಪೇಪರಾದ್ರೂ ಹಾಕಬಾರ್ದಾ?"

"ಪೇಪರ್ ಹಾಕಿದ್ರೆ ಅದರ ತೂಕ ಸೇರ್ತದಲ್ಲ ಅಮ್ಮ."

ಇದು ಎರಡು ಸಾವಿರದ ಹನ್ನೆರಡರ ಮಾತು. ರಂಜನ್‌ಗೆ ಆಗ ಇಪ್ಪತ್ತೇಳು. ವಾರವಿಡೀ ರಬಾಳೆಯ ಒಂದು ಕಂಪನಿಯಲ್ಲಿ ಡಿಸೈನ್ ಎಂಜಿನಿಯರು, ಶನಿವಾರ ಭಾನುವಾರ ಒಂದು ಹಳೆಯ ಎಸ್ಟೀಮ್ ಕಾರಿನ ಗುಲಾಮ. ಆ ಕಾರನ್ನು ಅವನು ಡ್ರ್ಯಾಗ್ ರೇಸಿಗೆ ತಯಾರು ಮಾಡುತ್ತಿದ್ದ. ಡ್ರ್ಯಾಗ್ ರೇಸೆಂದರೆ ತಿರುವು ಮುರುವು ಏನೂ ಇಲ್ಲ. ಕಾಲು ಮೈಲಿಯ ನೇರ ರಸ್ತೆ, ಇಬ್ಬರು ಒಟ್ಟಿಗೆ ಹೊರಡಬೇಕು, ಮೊದಲು ಮುಟ್ಟಿದವನು ಗೆದ್ದ. ಉಲ್ವೆ ಕಡೆ ಇನ್ನೂ ಬಸ್ಸಿನ ಮುಖ ಕಾಣದ ಹೊಸ ರಸ್ತೆಯಲ್ಲಿ ಒಂದು ಕ್ಲಬ್ಬಿನವರು ವರ್ಷಕ್ಕೊಮ್ಮೆ ಪರವಾನಗಿ ಪಡೆದು ಈ ರೇಸು ನಡೆಸುತ್ತಿದ್ದರು. ಹಿಂದಿನ ವರ್ಷ ರಂಜನ್ ಸೆಕೆಂಡಿನ ನೂರರಲ್ಲಿ ಆರು ಪಾಲಿನಷ್ಟರಲ್ಲಿ ಸೋತಿದ್ದ. ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅವತ್ತಿನಿಂದ ಕಾರಿಗೆ ಉಪವಾಸ ಶುರುವಾಯಿತು. ಹಿಂದಿನ ಸೀಟು ಹೋಯಿತು, ಮುಂದಿನ ಎಡಗಡೆಯ ಸೀಟು ಹೋಯಿತು, ಎಸಿ ಹೋಯಿತು, ಸ್ಟೆಪ್ನಿ ಹೋಯಿತು, ಕೊನೆಗೆ ಹ್ಯಾಂಡ್‌ಬ್ರೇಕಿನ ಹಿಡಿ ಮತ್ತು ಅದರ ತಂತಿಗಳೂ ಹೋದವು. ಉಳಿದದ್ದು ಮುಂದಿನ ಬ್ರೇಕು. ತಿರುಗುವ ಚಕ್ರದೊಳಗೆ ಒಂದು ಕಿಲೋ ಕಡಿಮೆಯಾದರೆ ಡಿಕ್ಕಿಯಲ್ಲಿ ಎರಡು ಕಿಲೋ ಕಡಿಮೆಯಾದಷ್ಟು ಲಾಭ ಎಂದು ಅವನು ಓದಿದ್ದ. ಮೂರು ತಿಂಗಳು ಇಂಟರ್ನೆಟ್ಟಿನಲ್ಲಿ ತಡಕಾಡಿ, ರೇಸಿಗೆಂದೇ ಮಾಡಿದ ಈ ಕಿಟ್ಟನ್ನು ಹೊರದೇಶದಿಂದ ತರಿಸಿದ್ದ. ಎರಡು ಕಡೆ ಸೇರಿ ಒಂಬತ್ತೂವರೆ ಕಿಲೋ ಉಳಿತಾಯವಾಗುತ್ತಿತ್ತು.

ಅದನ್ನು ಕೂರಿಸಬೇಕಾದವನು ಚನಿಯ. ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯಲ್ಲಿ ಯಜ್ಞೇಶ್ವರ ಎಂಬವರ ಒಂದು ವರ್ಕ್‌ಶಾಪಿತ್ತು. ಕೆಮಿಕಲ್ ಫ್ಯಾಕ್ಟರಿಗಳ ಪಂಪಿಗೆ ಬೇಕಾದ ಬುಶ್ಶು, ಶಾಫ್ಟುಗಳನ್ನು ಅಲ್ಲಿ ಕಡೆಯುತ್ತಿದ್ದರು. ಚನಿಯ ಅಲ್ಲಿ ಕಬ್ಬಿಣ ಕಡೆಯುವ ಲೇಥ್ ಯಂತ್ರದ ಮನುಷ್ಯ. ವಯಸ್ಸು ನಲವತ್ತೆಂಟು. ಕೂದಲೆಳೆಯಷ್ಟು ಕಬ್ಬಿಣ ತೆಗೆಯಬೇಕೆಂದರೂ ಅಷ್ಟೇ ತೆಗೆದುಕೊಡುತ್ತಿದ್ದ. ಹನ್ನೊಂದು ವರ್ಷಗಳ ಹಿಂದೆ ಊರಿನಿಂದ ಬಂದವನನ್ನು ಅಲ್ಲಿ ಸೇರಿಸಿದ್ದು ತಾರಾನಾಥರು. ಉಡುಪಿ ಕಡೆಯವರಿಗೆ ಈ ಊರುಗಳಲ್ಲಿ ಕೆಲಸ ಸಿಗುತ್ತಿದ್ದದ್ದು ಅರ್ಜಿಯಿಂದಲ್ಲ, ನಮ್ಮವರೊಬ್ಬರ ಫೋನಿನಿಂದ. ಬಿಡಿಸುವುದಕ್ಕೂ ಅಂಥದ್ದೇ ಒಂದು ಫೋನು ಸಾಕಿತ್ತು. ಆ ಉಪಕಾರದ ಲೆಕ್ಕದಲ್ಲೋ ಏನೋ, ತನಗಿಂತ ಇಪ್ಪತ್ತು ವರ್ಷ ಚಿಕ್ಕವನನ್ನು ಚನಿಯ ‘ರಂಜನಣ್ಣ’ ಎಂದು ಕರೆಯುತ್ತಿದ್ದ, ರಂಜನ್ ಅವನನ್ನು ಬರೀ ‘ಚನಿಯ’ ಎನ್ನುತ್ತಿದ್ದ. ಮುಂಬಯಿಗೆ ಬಂದ ಮೇಲೆ ಜಾತಿಗೀತಿ ಯಾರು ನೋಡುತ್ತಾರೆ ಎಂದು ತಾರಾನಾಥರು ಆಗಾಗ ಹೇಳುವುದುಂಟು. ಚನಿಯ ಮಾತ್ರ ಹೋಟೆಲಿಗೆ ಬಂದಾಗಲೆಲ್ಲ ತಾನಾಗಿಯೇ ಕೈತೊಳೆಯುವ ಬೇಸಿನ್ನಿನ ಪಕ್ಕದ ಮೇಜಿಗೆ ಹೋಗಿ ಕೂರುತ್ತಿದ್ದ. ಆಚೆ ಬಂದು ಕೂರು ಎಂದು ಹನ್ನೊಂದು ವರ್ಷದಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ.

ಹೊಸ ಡಿಸ್ಕನ್ನು ಚನಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಎಷ್ಟು ಸಲ ನಿಲ್ಲಿಸ್ಲಿಕ್ಕೆ ಉಂಟು ರಂಜನಣ್ಣ?"

"ಒಂದು ಓಟಕ್ಕೆ ಒಂದೇ ಸಲ. ಕೊನೆಯಲ್ಲಿ."

"ಹಾಗಾದ್ರೆ ಒಳ್ಳೇ ಮಾಲು. ಆದ್ರೆ ರಸ್ತೆಗೆ ಇದು ಆಗ್ಲಿಕ್ಕಿಲ್ಲ." ಅವನೇ ಮುಂದುವರಿಸಿದ. "ನಿಮ್ಮ ಹೋಟೆಲಿನ ದೋಸೆ ಕಾವಲಿ ಅಷ್ಟು ದಪ್ಪ ಯಾಕೆ ಹೇಳಿ? ಬಿಸಿ ಕುಡೀಲಿಕ್ಕೆ ಕಬ್ಬಿಣ ಬೇಕು. ತೆಳು ಕಾವಲಿಯಲ್ಲಿ ಮೊದಲ್ನೇ ದೋಸೆ ಚೆಂದ ಏಳ್ತದೆ, ನಾಲ್ಕನೇದು ಕರಟಿ ಹೋಗ್ತದೆ. ಇದೂ ಹಾಗೇ. ಒಂದು ಸಲ ಹಿಡೀತದೆ, ಎರಡು ಸಲ ಹಿಡೀತದೆ. ಮತ್ತೆ ಮತ್ತೆ ಒತ್ತಿದ್ರೆ ಒಳಗಿನ ಎಣ್ಣೆ ಕುದ್ದು ಪೆಡಲ್ ನೆಲಕ್ಕೆ ಹೋಗ್ತದೆ. ಬೇಕಾದ್ರೆ ಹಳೇ ಡಿಸ್ಕಿನ ಅಂಚು ಹಾಗೇ ಇಟ್ಟು, ನಡುವಿನ ಭಾಗ ಮಾತ್ರ ನಾನು ಅಲ್ಯುಮಿನಿಯಮ್ಮಿನಲ್ಲಿ ಕಡೆದು ಕೊಡ್ತೇನೆ. ಎರಡೂವರೆ ಕಿಲೋ ಕಡಿಮೆ ಆಗ್ತದೆ. ರಸ್ತೆಗೂ ಆಯ್ತು, ರೇಸಿಗೂ ಆಯ್ತು."

"ಎರಡೂವರೆ ಕಿಲೋಗೆ ಏನಾಗ್ತದೆ ಚನಿಯ? ನನಗೆ ಒಂಬತ್ತೂವರೆ ಬೇಕು."

ಚನಿಯ ಹೇಳಿದ್ದರಲ್ಲಿ ರಂಜನ್‌ಗೆ ತಿಳಿಯದ್ದು ಒಂದೂ ಇರಲಿಲ್ಲ. ಡಬ್ಬಿಯೊಳಗಿನ ಕಾಗದದಲ್ಲಿ ಕೆಂಪಕ್ಷರದಲ್ಲಿ ಅದನ್ನೇ ಬರೆದಿತ್ತು: ರೇಸಿನ ಟ್ರ್ಯಾಕಿನಲ್ಲಿ ಮಾತ್ರ, ಸಾರ್ವಜನಿಕ ರಸ್ತೆಯಲ್ಲಿ ಬಳಸಬಾರದು. ಆದರೆ ಗೆಳೆಯ ವಿಶ್ರುತ ಪಕ್ಕದಲ್ಲೇ ನಿಂತಿದ್ದ. ಅವನ ಎದುರಿಗೆ ಎಂಜಿನಿಯರಿಗೆ ಲೇಥಿನವನು ದೋಸೆಯ ಪಾಠ ಹೇಳಿದ್ದು ರಂಜನ್‌ಗೆ ಸ್ವಲ್ಪ ಚುಚ್ಚಿತು. ವಿಶ್ರುತ ಬೇರೆ "ಕ್ಯಾ ಬಾತ್ ಹೈ, ದೋಸಾ ಬ್ರೇಕ್ಸ್" ಎಂದು ನಕ್ಕ. ಚನಿಯನೂ ನಕ್ಕು, ಡಿಸ್ಕು ಕೂರಿಸಲು ಬೇಕಾದ ಪಟ್ಟಿಯನ್ನು ಕಡೆಯಲು ಅಳತೆ ತೆಗೆದುಕೊಂಡ.

ಕೆಲಸ ಬಹಳ ಚೊಕ್ಕಟವಾಗಿ ಆಯಿತು. ಒಂದು ಶನಿವಾರ ಉಲ್ವೆ ರಸ್ತೆಯಲ್ಲಿ ಪರೀಕ್ಷೆಯ ಓಟ ನಡೆಯಿತು. ಚನಿಯ ತಾನೇ ಬಂದು ಹಳೆಯ ಬ್ರೇಕು ಬಿಚ್ಚಿ ಹೊಸದನ್ನು ಕೂರಿಸಿದ. ಕಾರು ಬಾಣದ ಹಾಗೆ ಹೋಯಿತು, ಕೊನೆಯಲ್ಲಿ ಹೇಳಿದಲ್ಲಿ ನಿಂತಿತು. ರೇಸಿಗೆ ಇನ್ನೂ ಎಂಟು ದಿನವಿತ್ತು. ಮರುದಿನ ಭಾನುವಾರ ಪೂಜೆ.

ಪೂಜೆ ತಾರಾನಾಥರ ಹಟ. ಅವರ ಮನೆಯಲ್ಲಿ ಇಡ್ಲಿ ಗ್ರೈಂಡರಿಗೂ ಕುಂಕುಮ ಹಚ್ಚದೆ ಸ್ವಿಚ್ಚು ಒತ್ತಿದ್ದಿಲ್ಲ. ಹೋಟೆಲಿನ ಟೆಂಪೋ, ಸ್ಕೂಟರು, ಮೊನ್ನೆ ಮೊನ್ನೆ ತಂದ ದೊಡ್ಡ ಫ್ರಿಜ್ಜಿನ ಬೀಗದ ಕೈ ಕೂಡ ಬೇಲಾಪುರದ ಪಾರ್ಸಿಕ್ ಗುಡ್ಡದ ಮೇಲಿನ ದೇವಿಯ ಗುಡಿಗೆ ಹೋಗಿ ಬಂದಿದ್ದವು. ಗುಡಿಯ ಭಟ್ಟರು ಊರಿನವರೇ. ಗಾಡಿಯ ಯಜಮಾನಿ ಆರತಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಅದೇ ಗಾಡಿಯಲ್ಲಿ ಗುಡ್ಡ ಇಳಿದು ಮನೆಗೆ ಬರಬೇಕು ಎಂಬುದು ತಾರಾನಾಥರು ತಾವೇ ಮಾಡಿಕೊಂಡ ಕಟ್ಟಳೆ. ಮದುವೆಯಾಗದ ಮಗನ ಗಾಡಿಗೆ ಯಜಮಾನಿ ಅಮ್ಮನೇ ತಾನೆ?

"ಗುಡ್ಡಕ್ಕಾದ್ರೆ ಹಳೇ ಬ್ರೇಕು ಹಾಕಿಕೊಂಡೇ ಹೋಗಿ," ಎಂದು ಚನಿಯ ಉಲ್ವೆಯಲ್ಲೇ ಹೇಳಿದ್ದ. "ಹೊಸದನ್ನು ಬಾಳೆಲೆ ಮೇಲಿಟ್ಟು ಕುಂಕುಮ ಹಚ್ಚಿಸಿದ್ರಾಯ್ತು. ದೇವಿಗೆ ಗೊತ್ತಾಗ್ತದೆ. ಹಳೇದು ತುಂಬಾ ಹೊಲಸಾಗಿದೆ, ಇವತ್ತು ವರ್ಕ್‌ಶಾಪಿಗೆ ಕೊಂಡುಹೋಗಿ ತೊಳೆದು, ನಾಳೆ ಫಸ್ಟ್ ಲೋಕಲಿಗೆ ನಾನೇ ತರ್ತೇನೆ. ಒಂದು ತಾಸಿನ ಕೆಲಸ."

ಆಗಲಿ ಎಂದು ರಂಜನ್ ತಲೆ ಆಡಿಸಿದ್ದ. ಆಡಿಸುವಾಗ ಮನಸ್ಸಿನಲ್ಲಿ ಮೋಸವಿರಲಿಲ್ಲ. ಆದರೆ ಸಂಜೆ ವಿಶ್ರುತ ಫೋನು ಮಾಡಿ, ಆಫೀಸಿನ ಗೆಳೆಯನೊಬ್ಬನ ದೊಡ್ಡ ಕ್ಯಾಮೆರಾ ಸಿಕ್ಕಿದೆ, ಗುಡ್ಡದ ಮೇಲೆ ಬೆಳಗಿನ ಬಿಸಿಲಲ್ಲಿ ಚಕ್ರದ ಸಂದಿನಿಂದ ಆ ಡಿಸ್ಕು ಹೊಳೆಯುವುದನ್ನು ತೆಗೆದರೆ ಫೇಸ್‌ಬುಕ್ಕಿನಲ್ಲಿ ಜನ ಹುಚ್ಚೇಳುತ್ತಾರೆ ಎಂದ. ಚಕ್ರದ ಸಂದಿನಲ್ಲಿ ತುಕ್ಕಿನ ಬಣ್ಣದ ಹಳೆಯ ಡಿಸ್ಕು ಕಂಡರೆ ಫೋಟೋ ಯಾಕೆ? ಇಳಿಯುವುದು ಎಷ್ಟು ದೂರ, ಒಂದೂವರೆ ಕಿಲೋಮೀಟರು. ಗೇರಿನಲ್ಲಿ ಇಳಿಸಿದರಾಯಿತು. ಹೀಗೆ ಒಂದೊಂದೇ ಸಮಾಧಾನ ಹೇಳಿಕೊಂಡು ಅವನು ಮಲಗಿದ. ಚನಿಯನಿಗೆ ಬರಬೇಡವೆಂದು ಫೋನು ಮಾಡಲಿಲ್ಲ. ಮಾಡಿದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಮನೆಯ ಇಂಟರ್‌ಕಾಮ್ ಬಡಿದುಕೊಂಡಿತು. ಹಾಲ್‌ನಲ್ಲಿ ವಿಶ್ರುತ ಕ್ಯಾಮೆರಾದ ಲೆನ್ಸು ಒರೆಸುತ್ತ ಕೂತಿದ್ದ. ತಾರಾನಾಥರು ಸ್ನಾನಕ್ಕೆ ಹೋಗಿದ್ದರು. ಜಯಲತಾ ಆರತಿ ತಟ್ಟೆಗೆ ಹೂವು ಜೋಡಿಸುತ್ತಿದ್ದಳು.

"ಸಾಬ್, ಕೋಯಿ ಚನಿಯಾ ಆಯಾ ಹೈ. ಬಹುತ್ ಭಾರೀ ಥೈಲಾ ಹೈ," ಎಂದ ಗೇಟಿನ ವಾಚ್‌ಮನ್. ಚನಿಯ ಭಾರದ ಚೀಲ ಹೊತ್ತು ಬಂದಿದ್ದ.

ರಂಜನ್ ವಿಶ್ರುತನ ಕಡೆ ನೋಡಿದ, ಕ್ಯಾಮೆರಾದ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿ, "ಬೋಲ್ ದೋ ಸಾಬ್ ನಿಕಲ್ ಗಯೇ," ಎಂದ. ಸಾಹೇಬರು ಹೊರಟುಹೋದರೆಂದು ಹೇಳು. ರಿಸೀವರ್ ಇಟ್ಟು ತಿರುಗಿದರೆ ಅಮ್ಮ ಹೂವು ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದಳು. ಗೇಟಿಗೆ ಬಂದವನ ಹೆಸರು ಅವಳಿಗೂ ಕೇಳಿಸಿತ್ತು.

ಒಂದು ಸಣ್ಣ ಸಂಗತಿ ಆಗ ಅವನಿಗೆ ಹೊಳೆಯಲಿಲ್ಲ, ಆಮೇಲೆ ಹೊಳೆದದ್ದು ಮರೆಯಲಿಲ್ಲ. ಸಾಹೇಬರು ಹೊರಟುಹೋದರು ಎಂದು ವಾಚ್‌ಮನ್ ಹೇಳುವಾಗ ಆ ಹಳದಿ ಎಸ್ಟೀಮ್ ಗೇಟಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಚನಿಯನ ಕಣ್ಣೆದುರಿಗೇ ನಿಂತಿತ್ತು.

ಏಳೂವರೆಗೆ ಅವರು ಇಳಿದಾಗ ಗೇಟಿನಲ್ಲಿ ಯಾರೂ ಇರಲಿಲ್ಲ. ಅಮ್ಮನಿಗಾಗಿ ರಂಜನ್ ಎಡಗಡೆಯ ಸೀಟನ್ನು ಮರಳಿ ಕೂರಿಸಿದ. ಅದಕ್ಕೆ ಅವನ ಬಳಿ ಸಮಯವಿತ್ತು. ಅಪ್ಪ ಸ್ಕೂಟರಿನಲ್ಲಿ ಮುಂದೆ ಹೋದರು, ವಿಶ್ರುತ ಬೈಕಿನಲ್ಲಿ ಹಿಂದೆ ಬಂದ.

ಪೂಜೆ ಸಾಂಗವಾಗಿ ಮುಗಿಯಿತು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಬಾನೆಟ್ಟಿಗೆ ಚೆಂಡುಹೂವಿನ ಹಾರ. ತಾರಾನಾಥರು ಭಟ್ಟರ ಜೊತೆ ಪ್ರಸಾದದ ಮಾತಿಗೆ ಕೂತರು. ಗುಡಿಯ ಮುಂದಿನ ಸಮತಟ್ಟು ರಸ್ತೆಯಲ್ಲಿ ವಿಶ್ರುತನ ಫೋಟೋ ಶುರುವಾಯಿತು. ರಂಜನ್ ಜೋರಾಗಿ ಬಂದು ಕ್ಯಾಮೆರಾದ ಎದುರಿಗೆ ಗಕ್ಕನೆ ನಿಲ್ಲಿಸಬೇಕು. "ಏಕ್ ಔರ್," ಎಂದ ವಿಶ್ರುತ. ಮತ್ತೆ ಒಂದು. ಬಿಸಿಲು ಸರಿಯಾಗಿ ಬೀಳಲಿಲ್ಲ, ಇನ್ನೊಂದು. ಒಟ್ಟು ಆರು ಸಲ. ಆರನೇ ಸಲಕ್ಕೆ ಮುಂದಿನ ಚಕ್ರದಿಂದ ಕರಟಿದ ವಾಸನೆ ಬಂತು. ರಂಜನ್‌ನ ಮೂಗಿಗೆ ಅದು ಬಿದ್ದಿತು, ನಾಲ್ಕನೇ ದೋಸೆಯ ಮಾತು ನೆನಪಿಗೂ ಬಂತು. ಆದರೆ ಅಮ್ಮ ತಟ್ಟೆ ಹಿಡಿದು ಆಗಲೇ ಕಾರಿನಲ್ಲಿ ಕೂತಾಗಿತ್ತು, ಹತ್ತು ನಿಮಿಷ ಕಾಯೋಣ ಎಂದರೆ ವಿಶ್ರುತ ಯಾಕೆಂದು ಕೇಳುತ್ತಿದ್ದ.

ಮೊದಲ ತಿರುವಿನಲ್ಲಿ ಪೆಡಲು ಮೆತ್ತಗಾಯಿತು. ಎರಡನೆಯದರಲ್ಲಿ ನೆಲಕ್ಕೆ ತಾಗಿತು. ಅವನು ಗೇರು ಇಳಿಸಿದ, ಎಂಜಿನ್ನು ಅರಚಿತು, ಆದರೂ ಕಾರು ಇಳಿಯುತ್ತಲೇ ಇತ್ತು. ಕೈ ತಾನಾಗಿಯೇ ಹ್ಯಾಂಡ್‌ಬ್ರೇಕು ಹುಡುಕಿತು. ಅದು ಇದ್ದ ಜಾಗದಲ್ಲಿ ಎರಡು ಬೋಲ್ಟಿನ ತೂತುಗಳಿದ್ದವು. ಬಲಕ್ಕೆ ಬೆಳಗಿನ ವಾಕಿಂಗಿನ ಜನ, ಎಡಕ್ಕೆ ಗುಡ್ಡದ ಕಲ್ಲಿನ ಗೋಡೆ. ಅವನು ಎಡಕ್ಕೆ ತಿರುಗಿಸಿದ. ಎಡಗಡೆ ಕೂತಿದ್ದವಳು ಅಮ್ಮ. ಗೋಡೆಯನ್ನು ಉಜ್ಜುತ್ತ ಉಜ್ಜುತ್ತ ಹೋಗಿ ಕಾರು ಒಂದು ಕಂಬಕ್ಕೆ ತಾಗಿ ನಿಂತಿತು. ಜಯಲತಾ ಬಲಗೈಯನ್ನು ಡ್ಯಾಶ್‌ಬೋರ್ಡಿಗೆ ಊರಿದ್ದಳು. ಮಣಿಕಟ್ಟು ಎರಡು ಕಡೆ ಮುರಿಯಿತು. ಆರತಿ ತಟ್ಟೆ ಅವಳ ಕಾಲ ಬಳಿ ಬಿದ್ದಿತ್ತು, ಕುಂಕುಮ ಸೀರೆಯ ಮೇಲೆಲ್ಲ ಚೆಲ್ಲಿತ್ತು. ಒಂದು ಕ್ಷಣ ರಂಜನ್ ಅದನ್ನು ರಕ್ತವೆಂದೇ ತಿಳಿದ.

ಆಸ್ಪತ್ರೆಯ ಬೆಂಚಿನ ಮೇಲೆ ತಾರಾನಾಥರು ಮಗನ ಪಕ್ಕ ಕೂತು ಕೇಳಿದರು: "ಬ್ರೇಕ್ ಕೂರಿಸಿದ್ದು ಯಾರು?"

"ಚನಿಯ."

ಕೇಳಿದ ಪ್ರಶ್ನೆಗೆ ಅದು ನಿಜವಾದ ಉತ್ತರವೇ. ಸುಳ್ಳು ಹೇಳಿದ ಎಂದು ಯಾರೂ ಅವನ ಮೇಲೆ ಬೆರಳು ತೋರಿಸುವಂತಿಲ್ಲ. ಆ ಒಂದು ಹೆಸರಿನ ಹಿಂದೆ ಹೇಳಬೇಕಾದ ನಾಲ್ಕು ವಾಕ್ಯ ಇದ್ದವು. ತಾರಾನಾಥರು ಎದ್ದು ಕಾರಿಡಾರಿನ ಕೊನೆಗೆ ಹೋಗಿ ಯಜ್ಞೇಶ್ವರರಿಗೆ ಫೋನು ಹಚ್ಚಿದರು. "ನಾನೇ ಕೆಲಸಕ್ಕೆ ಸೇರಿಸಿದವ ಮಾರಾಯ್ರೆ, ನನ್ನ ಹೆಂಡತಿಯ ಜೀವ ತೆಗೀತಿದ್ದ," ಎಂಬ ಮಾತು ಬೆಂಚಿನವರೆಗೆ ಕೇಳಿಸಿತು. ರಂಜನ್ ನೆಲದ ಟೈಲ್ಸನ್ನು ನೋಡುತ್ತ ಕೂತ. ಎದ್ದು ಹೋಗಿ ಆ ಫೋನು ಕಸಿದುಕೊಳ್ಳುವುದಕ್ಕೆ ಹನ್ನೆರಡು ಹೆಜ್ಜೆ ಸಾಕಿತ್ತು.

ಸಂಜೆ ಸೊಸೈಟಿಗೆ ಮರಳಿದಾಗ ವಾಚ್‌ಮನ್ ಕ್ಯಾಬಿನ್ನಿನಿಂದ ಎದ್ದು ಬಂದ. "ಸಾಬ್, ಆಪ್‌ಕಾ ಸಾಮಾನ್. ವೋ ಆದ್ಮೀ ಛೋಡ್‌ಕೇ ಗಯಾ." ಮೂಲೆಯಲ್ಲಿ ಒಂದು ಗೋಣಿಬಟ್ಟೆಯ ಚೀಲವಿತ್ತು. ತೆರೆದು ನೋಡುವ ಅಗತ್ಯವೇ ಇರಲಿಲ್ಲ, ಆದರೂ ತೆರೆದ. ಎರಡು ಡಿಸ್ಕು, ಎರಡು ಕ್ಯಾಲಿಪರು, ತುಕ್ಕು ಉಜ್ಜಿ ಸೀಮೆಎಣ್ಣೆಯಲ್ಲಿ ತೊಳೆದು ಕನ್ನಡ ಪೇಪರಿನಲ್ಲಿ ಸುತ್ತಿದ್ದವು. ಒಂದರ ಮೇಲೆ ಚಾಕಿನಲ್ಲಿ ‘ಎಡ’, ಇನ್ನೊಂದರ ಮೇಲೆ ‘ಬಲ’. ಬೋಲ್ಟುಗಳು ಒಂದು ಹಾಲಿನ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ್ದವು. ಹದಿನೇಳು ಕಿಲೋ ನಾನೂರು ಗ್ರಾಮು. ಡೊಂಬಿವಲಿಯಿಂದ ಠಾಣೆಗೆ ಒಂದು ಗಾಡಿ, ಠಾಣೆಯಲ್ಲಿ ಸೇತುವೆ ಹತ್ತಿಳಿದು ನೆರೂಳಿಗೆ ಇನ್ನೊಂದು, ಅಲ್ಲಿಂದ ನಡಿಗೆ. ನಲವತ್ತೆಂಟರ ಮನುಷ್ಯ ರಜೆಯ ದಿನ ಇದನ್ನು ಹೊತ್ತು ತಂದು, ನಿಂತ ಕಾರನ್ನು ನೋಡುತ್ತ ಸುಳ್ಳು ಕೇಳಿಸಿಕೊಂಡು, ಆದರೂ ಚೀಲವನ್ನು ಬಿಟ್ಟು ಹೋಗಿದ್ದ. ಮನಸ್ಸು ಬದಲಾದರೆ ಹಾಕಿಕೊಳ್ಳಲಿ ಎಂದು ಇರಬೇಕು.

"ಅದೆಂತ?" ಎಂದರು ತಾರಾನಾಥರು.

"ಗುಜರಿ," ಎಂದ ರಂಜನ್.

ಬುಧವಾರ ಗೊತ್ತಾಯಿತು, ಸೋಮವಾರದಿಂದಲೇ ಚನಿಯನನ್ನು ಬರಬೇಡವೆಂದು ಹೇಳಿದ್ದಾರೆ. ಹೇಳಿದವರು ತಾರಾನಾಥರೇ, ಊಟದ ಹೊತ್ತಿನಲ್ಲಿ, ಒಂದು ಕೆಲಸ ಮುಗಿಸಿದವರ ದನಿಯಲ್ಲಿ. ಡೊಂಬಿವಲಿಯಲ್ಲಿ ಎರಡು ಕಡೆ ಕೇಳಿದನಂತೆ, ಬ್ರೇಕಿನ ಸುದ್ದಿ ಅವನಿಗಿಂತ ಮೊದಲೇ ಹೋಗಿತ್ತಂತೆ. ಇನ್ನು ಈ ಕಡೆ ಲೇಥು ಮುಟ್ಟುವುದಿಲ್ಲ ಅವ, ಎಂದರು. ಜಯಲತಾಳ ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಎಡಗೈಯಲ್ಲಿ ಅನ್ನ ಮುಟ್ಟುವವಳಲ್ಲ, ಚಮಚವೂ ಒಗ್ಗದು. ಮೂರು ಹೊತ್ತೂ ಅವಳಿಗೆ ಕಲಸಿ ತಿನ್ನಿಸುವ ಕೆಲಸವನ್ನು ರಂಜನ್ ತಾನೇ ವಹಿಸಿಕೊಂಡಿದ್ದ. ಎಂಥ ಮಗ ಎಂದು ಪಕ್ಕದ ಫ್ಲ್ಯಾಟಿನವರು ಹೊಗಳಿದರು. ಅಪ್ಪ ಹೇಳುತ್ತಿದ್ದಾಗ ಅಮ್ಮ ತುತ್ತು ನುಂಗಿ ಮಗನ ಮುಖ ನೋಡಿದಳು. ಅವನು ಸಾರು ಬಡಿಸುವ ನೆಪದಲ್ಲಿ ಕತ್ತು ಬಗ್ಗಿಸಿದ.

ವಿಶ್ರುತ ತೆಗೆದ ಫೋಟೋ ಅಷ್ಟರಲ್ಲಿ ಫೇಸ್‌ಬುಕ್ಕಿಗೆ ಏರಿತ್ತು. ನಿಜಕ್ಕೂ ಚೆನ್ನಾಗಿ ಬಂದಿತ್ತು. ಚೆಂಡುಹೂವಿನ ಹಾರ, ಚಕ್ರದ ಸಂದಿನಲ್ಲಿ ಬೆಳಗುವ ಡಿಸ್ಕು. ಎಂಬತ್ತು ಜನ ಮೆಚ್ಚಿದ್ದರು. ಯಾವನೋ ಒಬ್ಬ, ಬ್ರೇಕು ಯಾವುದು, ಎಷ್ಟು ತೂಕ ಎಂದು ಕೇಳಿದ್ದ. ಅದನ್ನು ನೋಡಿದಾಗಲೆಲ್ಲ ರಂಜನ್‌ನ ಕಿವಿ ಬಿಸಿಯಾಗುತ್ತಿತ್ತು. ಆಫೀಸಿನಲ್ಲಿ ನಗು ಕೇಳಿದರೆ ತನ್ನನ್ನೇ ಕುರಿತು ಎನಿಸುತ್ತಿತ್ತು. ಭಾನುವಾರ ರೇಸು ಅವನಿಲ್ಲದೆ ನಡೆಯಿತು, ಯಾರು ಗೆದ್ದರೆಂದು ಅವನು ಕೇಳಲೂ ಇಲ್ಲ. ರಬಾಳೆಯ ಕೆಲಸ, ಡಿಗ್ರಿ, ಇಂಗ್ಲಿಷು ಎಲ್ಲ ಇಟ್ಟುಕೊಂಡು ತಾನೊಬ್ಬ ಹೇಡಿ ಎಂಬುದು ಅವನಿಗೆ ಖಚಿತವಾಗಿತ್ತು. ಇನ್ನೊಬ್ಬರಿಗೆ ಗೊತ್ತಾಗಿಲ್ಲ ಎಂಬುದರಿಂದ ಏನೂ ಕಡಿಮೆಯಾಗಲಿಲ್ಲ. ಗೊತ್ತಿದ್ದವಳು ದಿನಕ್ಕೆ ಮೂರು ಸಲ ಅವನ ಕೈಯಿಂದಲೇ ತಿನ್ನುತ್ತಿದ್ದಳು.

ಕೊನೆಗೆ ಎರಡನೆಯ ಶನಿವಾರ ಅವನು ಚೀಲವನ್ನು ಹೆಗಲಿಗೇರಿಸಿದ. ಚೀಲ ಎದುರಿಗಿಟ್ಟರೆ ತನಗೇ ಜಾರಿಕೊಳ್ಳಲಾಗದು ಎಂಬ ಲೆಕ್ಕಾಚಾರ. "ಡೊಂಬಿವಲಿಗೆ ಹೋಗ್ತೇನೆ ಅಮ್ಮ. ಯಜ್ಞೇಶ್ವರರ ಹತ್ರ ಎಲ್ಲ ಹೇಳಿ ಬರ್ತೇನೆ," ಎಂದ. ಜಯಲತಾ ಬಾಗಿಲವರೆಗೆ ಬಂದು ಎಡಗೈಯಲ್ಲಿ ಅವನ ಬೆನ್ನು ಮುಟ್ಟಿದಳು. ಯಜ್ಞೇಶ್ವರರಿಗೆ ಮೊದಲೇ ಫೋನು ಮಾಡಿ, ಚನಿಯನನ್ನೂ ಕರೆಸಿ ಎಂದು ಕೇಳಿಕೊಂಡಿದ್ದ.

ನೆರೂಳಿನಲ್ಲಿ ಗಾಡಿ ಹತ್ತುವಾಗ ಹೇಳಬೇಕಾದ ಮಾತು ಅವನಿಗೆ ಬಾಯಿಪಾಠವಾಗಿತ್ತು: ಇದು ರಸ್ತೆಗೆ ಆಗದ ಬ್ರೇಕು ಎಂದು ಚನಿಯ ಹೇಳಿದ್ದ, ಹಳೆಯದನ್ನು ಹಾಕಲು ಮನೆಯ ಗೇಟಿಗೇ ಬಂದಿದ್ದ, ನಾನು ಫೋಟೋದ ಆಸೆಗೆ ಒಳಗಿದ್ದುಕೊಂಡೇ ಇಲ್ಲ ಎನ್ನಿಸಿದೆ, ಆಸ್ಪತ್ರೆಯಲ್ಲಿ ಅವನ ಹೆಸರು ಹೇಳಿ ಸುಮ್ಮನಾದೆ. ಐರೋಳಿ ಬರುವಷ್ಟರಲ್ಲಿ ಫೋಟೋದ ಮಾತು ಬೇಡವೆನಿಸಿತು. ಅಷ್ಟು ಸಣ್ಣತನವನ್ನು ಹೇಳದಿದ್ದರೂ ನಡೆದೀತು. ಠಾಣೆಯ ಸೇತುವೆ ಹತ್ತುವಾಗ ಭುಜ ಕಿತ್ತು ಬರುತ್ತಿತ್ತು. ಅಲ್ಲಿ ಗೇಟಿನ ಮಾತೂ ಬಿಟ್ಟುಹೋಯಿತು, ಅದನ್ನು ಚನಿಯನ ಎದುರಿಗೇ ಹೇಳಿದರೆ ಅವನಿಗೂ ಮುಜುಗರ ತಾನೆ? ದಿವಾದಲ್ಲಿ ಆಸ್ಪತ್ರೆಯದು, ಅದರ ಬೆನ್ನಿಗೇ ಚನಿಯ ಕೊಟ್ಟಿದ್ದ ಎಚ್ಚರಿಕೆಯದು. ಕಾರಿನಿಂದ ಸೀಟು, ಸ್ಟೆಪ್ನಿ ಬಿಚ್ಚಿದಷ್ಟೇ ಸಲೀಸಾಗಿ ಅವನು ಒಂದೊಂದನ್ನೇ ಬಿಚ್ಚಿ ಹೊರಗೆಸೆದ. ಡೊಂಬಿವಲಿಯಲ್ಲಿ ಇಳಿಯುವಾಗ ಬಾಯಲ್ಲಿ ಒಂದೇ ವಾಕ್ಯ ಉಳಿದಿತ್ತು.

ವರ್ಕ್‌ಶಾಪಿನ ಗಾಜಿನ ಕೋಣೆಯಲ್ಲಿ ಯಜ್ಞೇಶ್ವರರು ಕೂತಿದ್ದರು. ಚನಿಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲ ಬಳಿ ನಿಂತಿದ್ದ. ಅವನ ಲೇಥಿನ ಮೇಲೆ ಬೇರೆ ಯಾರೋ ಕೆಲಸ ಮಾಡುತ್ತಿದ್ದರು. ರಂಜನ್ ಚೀಲವನ್ನು ಮೇಜಿನ ಮೇಲಿಟ್ಟ.

"ಯಜ್ಞೇಶ್ವರಣ್ಣ, ಇದರಲ್ಲಿ ಚನಿಯಣ್ಣಂದು ಏನೂ ತಪ್ಪಿಲ್ಲ. ತಪ್ಪು ನಂದೇ."

ಚನಿಯಣ್ಣ ಎಂದು ಅವನು ಕರೆದದ್ದು ಜೀವನದಲ್ಲಿ ಮೊದಲ ಸಲ. ಯಜ್ಞೇಶ್ವರರು ಹಿಂದಕ್ಕೆ ಒರಗಿ, ಮೆಚ್ಚುಗೆಯಿಂದ ತಲೆದೂಗಿದರು.

"ನೀನು ಬರ್ತಿ ಅಂತ ನಿಮ್ಮಪ್ಪನಿಗೆ ಹೇಳಿದ್ದೆ, ಬೆಳಿಗ್ಗೇನೇ ಫೋನು ಮಾಡಿದ್ರು. ನಮ್ಮ ಹುಡುಗನ ಮನಸ್ಸು ಮೆತ್ತಗೆ, ಎಲ್ಲ ತನ್ನ ಮೇಲೆ ಹಾಕ್ಕೊಳ್ಳಿಕ್ಕೆ ಬರ್ತಾನೆ, ಅವ ಅಷ್ಟು ಹೇಳಿದ್ರೆ ಆ ಜನವನ್ನು ವಾಪಸ್ ತಗೊಳ್ಳಿ ಅಂತ." ಅವರು ಬಾಗಿಲ ಕಡೆ ತಿರುಗಿದರು. "ಕೇಳಿದೆಯಾ ಚನಿಯ? ಹೆತ್ತ ತಾಯಿಯ ಕೈ ಮುರಿದಿದೆ, ಆದ್ರೂ ನಿನ್ನ ಪರ ಮಾತಾಡ್ಲಿಕ್ಕೆ ನೆರೂಳಿನಿಂದ ಬಂದಿದ್ದಾನೆ. ಬೇರೆಯವರಾದ್ರೆ ಪೊಲೀಸಿಗೆ ಕೊಡ್ತಿದ್ರು. ಸೋಮವಾರದಿಂದ ಬಾ. ಇನ್ನು ಮುಂದೆ ಹೊರಗಿನ ಕೆಲಸ ಮುಟ್ಟಬೇಡ."

"ಹಾಗಲ್ಲ ಯಜ್ಞೇಶ್ವರಣ್ಣ, ನಿಜವಾಗಿ ನಾನೇ..."

"ಗೊತ್ತುಂಟು, ಗೊತ್ತುಂಟು. ಚಾ ಕುಡಿ."

ಆಗಲೂ ಹೇಳಬಹುದಿತ್ತು. ಗೇಟು, ಇಂಟರ್‌ಕಾಮು, ಎರಡೇ ಶಬ್ದ ಸಾಕಿದ್ದವು. ರಂಜನ್ ಚನಿಯನ ಕಡೆ ನೋಡಿದ. ಅವನು ಮೇಜಿನ ಮೇಲಿನ ಚೀಲವನ್ನು ನೋಡುತ್ತಿದ್ದ. ತಾನು ಹಾಕಿದ ಗಂಟು ಅವನಿಗೆ ಗುರುತು ಸಿಕ್ಕಿರಬೇಕು. ಆಮೇಲೆ ಅವನು ಎರಡು ಹೆಜ್ಜೆ ಮುಂದೆ ಬಂದ, ಯಜ್ಞೇಶ್ವರರ ಕಣ್ಣು ತನ್ನ ಮೇಲಿರುವುದನ್ನು ಬಲ್ಲವನ ಹಾಗೆ ಕೈ ಜೋಡಿಸಿದ.

"ದೊಡ್ಡ ಉಪಕಾರ ಆಯ್ತು ರಂಜನಣ್ಣ," ಎಂದ. ಮತ್ತೆ ಮೊದಲಿನ ದನಿಯಲ್ಲೇ ಹೇಳಿದ: "ಇದನ್ನು ಯಾಕೆ ಹೊತ್ತು ತಂದ್ರಿ? ತುಂಬಾ ಭಾರ ಉಂಟು."

ರಂಜನ್ ಚಹಾ ಕುಡಿದ. ಚೀಲವನ್ನು ಅಲ್ಲೇ ಬಿಟ್ಟು ಹೊರಟರೆ ಚನಿಯ ಸ್ಟೇಷನ್ನಿನವರೆಗೆ ತಾನೇ ಹೊತ್ತು ತಂದು ಗಾಡಿಯ ಬಾಗಿಲಲ್ಲಿ ಕೊಟ್ಟು ಹೋದ.

ಮನೆ ಮುಟ್ಟುವಾಗ ಎರಡು ಗಂಟೆ. ಜಯಲತಾ ಊಟ ಮಾಡದೆ ಕಾದಿದ್ದಳು. ಅವನು ಕೈ ತೊಳೆದು, ಅನ್ನಕ್ಕೆ ತೊವ್ವೆ ಹಾಕಿ ಕಲಸುತ್ತ ಅವಳೆದುರು ಕೂತ.

"ಹೇಳಿದ್ಯಾ?"

"ಹೇಳಿದೆ. ಸೋಮವಾರದಿಂದ ಕೆಲಸಕ್ಕೆ ಬಾ ಅಂದ್ರು ಅವನಿಗೆ."

"ಗೇಟಿನದ್ದು?"

ಅವನು ಅನ್ನ ಕಲಸುತ್ತಲೇ ಇದ್ದ. ತುಂಬ ಹೊತ್ತು ಕಲಸಿದ.

"ಚನಿಯ ಏನಂದ?" ಎಂದು ಅವಳು ಮತ್ತೆ ಕೇಳಿದಳು.

"ದೊಡ್ಡ ಉಪಕಾರ ಆಯ್ತು ಅಂದ."

"ನೀನು ಅದನ್ನು ತಗೊಂಡ್ಯಾ?"

ರಂಜನ್ ತುತ್ತು ಮಾಡಿ ಅವಳ ಬಾಯಿಯ ಹತ್ತಿರ ಹಿಡಿದ. ಜಯಲತಾ ಬಾಯಿ ತೆರೆಯಲಿಲ್ಲ. ಅವನು ಕೈ ಹಿಂದಕ್ಕೆ ತೆಗೆಯದೆ ಹಾಗೇ ಕೂತಿದ್ದ, ಅವಳು ಮುಖ ತಿರುಗಿಸದೆ ಅವನನ್ನು ನೋಡುತ್ತ ಕೂತಿದ್ದಳು.